ಎಣಿಸಬಾರದಿದ್ದ ಗೆಣಸು

ಪೈಕೊ,
೧೯ ನವೆಂಬರ್ ೧೯೮೬, ಬುಧವಾರ

ಪ್ರೀತಿಯ ಅಜ್ಜೀ,

ನಿನ್ನ ಪಾದಗಳಿಗೆ, ಮೊಣಕಾಲುಗಳಿಗೆ, ಹೊರೆ ಹೊತ್ತೂ ಹೊತ್ತೂ ಬೀಸುವ ಕಲ್ಲಿನಷ್ಟು ಗಟ್ಟಿಯಾಗಿರುವ ಆ ಬಲಭುಜಕ್ಕೆ, ಒಂದೊಂದಕ್ಕೂ ಬೇರೆ ಬೇರೆಯಾಗಿ ಬಾಗಿ ನಮಸ್ಕಾರ ಮಾಡಿದ್ದೇನೆಂದು ತಿಳಿ. ಮೊಣಕಾಲಿನ ನೋವು ಹೇಗಿದೆ? ಶಿಯಾ ಬೀಜದ ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತೀಯೋ, ಇಲ್ಲಾ ಕೂಸಿಗೆ ಹಚ್ಚಿ ಬೆರಳಿಗೆ ಅಂಟಿದ್ದನ್ನೇ ಕಾಲಿಗೆ ಒರೆಸಿಕೊಂಡು ‘ಮುದುಕಿಗೆ ಇಷ್ಟು ಸಾಕು’ ಅನ್ನುತ್ತೀಯೋ? ಗಿಂಬಿಯಾ ಅತ್ತೆಯ ಬಾಣಂತನ ಹೇಗೆ ಸಾಗಿದೆ? ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆಯೇ? ಅದರ ಮೂಗು ನಮ್ಮ ಕಡೆಯದೋ, ಮಾಮನ ಕಡೆಯದೋ? ಮಾಮನ ಕಡೆಯದಾದರೆ ದುಃಖಿಸಬೇಡ, ಬೆಳೆಯುತ್ತಾ ಬೆಳೆಯುತ್ತಾ ಸರಿಹೋಗುವುದುಂಟು. (ಐಷಾಯ ಮಾಮ, ಈ ಪತ್ರವನ್ನು ಅಜ್ಜಿಗೆ ಓದಿ ಹೇಳುವ ಪುಣ್ಯದ ಕೆಲಸ ನಿಮ್ಮದು. ಇರುವುದನ್ನು ಇರುವ ಹಾಗೇ ಓದಿ. ಮೇಷ್ಟರೆಂದು ನಡುನಡುವೆ ನನ್ನ ತಪ್ಪು ತಿದ್ದುತ್ತಾ ಕೂರಬೇಡಿ. ಮೂಗಿನ ಮಾತನ್ನು ಬೇಕಾದರೆ ಬಿಟ್ಟುಬಿಡಿ, ಆದರೆ ಅದನ್ನು ಈಗಾಗಲೇ ಓದಿ ಆಗಿರಬೇಕು.)

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ವಾಡಿಕೆ ಮುರಿಯಬಾರದೆಂದು ಮನೆಯಲ್ಲೆಲ್ಲಾ ಹುಡುಕಿ ನೋಡಿದೆ. ಕೋಳಿಗಳು ಕ್ಷೇಮ. ನಿನ್ನ ಕುಂಟು ಮೇಕೆ ಕ್ಷೇಮ. ನೀನು ಅರ್ಧಕ್ಕೆ ಬಿಟ್ಟುಹೋದ ನೀರಿನ ಮಡಕೆ ನೆರಳಲ್ಲಿ ಒಣಗಿಕೊಂಡು ಅದೂ ಕ್ಷೇಮ. ಕ್ಷೇಮವಿಲ್ಲದವನು ನಿನ್ನ ಮೊಮ್ಮಗ ತಾಂಕೊ ಒಬ್ಬನೇ. ಅಜ್ಜೀ, ನಾನು ಕೆಟ್ಟೆ. ಲಾಮಿಯ ಜೊತೆ ಆಗಬೇಕಿದ್ದ ಮದುವೆ ನಿಂತುಹೋಗಿದೆ. ನಿಲ್ಲಿಸಿದವನು ನಾನೇ, ಊರ ಹಿರಿಯರೆಲ್ಲ ಮಣೆ ಹಾಕಿಕೊಂಡು ಕೂತು ನೋಡುತ್ತಿದ್ದಾಗ, ಹಾಡುಹಗಲಲ್ಲಿ, ನನ್ನ ಬಾಯಿಂದಲೇ. ಅದನ್ನು ಮತ್ತೆ ನಡೆಸಬಲ್ಲವಳು ನೀನೊಬ್ಬಳೇ. ಮುಂದಿನ ಸಂತೆಗೆ ಮೊದಲು ನೀನು ಪೈಕೊಗೆ ಬರಲೇಬೇಕು.

ಈಗ ನೀನು ಕಣ್ಣು ಸಣ್ಣ ಮಾಡಿ ಮಾಮನ ಕಡೆ ನೋಡಿ, ‘ಶುರುವಾಯ್ತು ನೋಡು ಇವನದ್ದು’ ಅನ್ನುತ್ತಿದ್ದೀಯ. ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿನ್ನ ಅನುಮಾನ ನ್ಯಾಯವಾದದ್ದೇ. ಹೋದ ಮಳೆಗಾಲದಲ್ಲಿ ನನಗೆ ಉಸಿರು ನಿಂತೇಹೋಯಿತೆಂದು ಹೊಲಕ್ಕೆ ಹೇಳಿಕಳಿಸಿ, ನೀನು ಗುದ್ದಲಿ ಎಸೆದು ಓಡಿಬಂದಾಗ ಛಾವಣಿ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದವನು ನಾನು. ಊರ ಮುಖಂಡರ ಹುಂಜ ಸತ್ತಾಗ ಬಿಳಿ ಬಟ್ಟೆ ಹೊದಿಸಿ, ಅದರ ಗುಣಗಾನ ಮಾಡಿ, ಅರ್ಧ ಊರಿನ ಹೆಂಗಸರ ಕಣ್ಣಲ್ಲಿ ನೀರು ಬರಿಸಿದವನೂ ನಾನೇ. (ಆ ಬಟ್ಟೆಯೊಳಗೆ ಇದ್ದದ್ದು ಒನಕೆಯ ತುಂಡು. ಹುಂಜ ಎಲ್ಲಿತ್ತೆಂದು ನನ್ನ ಗೆಳೆಯ ಬವಾನ ಹೊಟ್ಟೆಯನ್ನು ಕೇಳಬೇಕು.) ಆದ್ದರಿಂದ ಈ ಸಲ ಬರೀ ಮಾತು ಕಳಿಸದೆ ಸಾಕ್ಷಿಯನ್ನೂ ಕಳಿಸಿದ್ದೇನೆ. ಲಾರಿಯ ಸುಲೆ ಈ ಪತ್ರದ ಜೊತೆ ಗೋಣಿಯಲ್ಲಿ ಸುತ್ತಿದ ಒಂದು ಹೆಗ್ಗೆಣಸು ಕೊಟ್ಟಿರುತ್ತಾನೆ. ಅದರ ಕುತ್ತಿಗೆಯಲ್ಲಿ ಬೂದಿಯಿಂದ ಒತ್ತಿದ ಹೆಬ್ಬೆರಳ ಗುರುತಿದೆ. ಆ ಹೆಬ್ಬೆರಳು ಲಾಮಿಯ ಅಜ್ಜಿ ಅಸಾಬೆ ಮುದುಕಿಯದು. ಗುರುತನ್ನು ಬೆರಳಾಡಿಸಿ ನೋಡು, ನಿನಗೆ ಗೊತ್ತಾಗುತ್ತದೆ. ಗೆಣಸನ್ನು ಮಾತ್ರ ಬೇಯಿಸಬೇಡಿ. ಮಾಮ, ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ, ಒಂದು ಸಲ ಅಡುಗೆಮನೆಯ ಕಡೆ ಮುಖ ಮಾಡಿ.

ಲಾಮಿಯ ಅಪ್ಪ ಮಾಗಾಜಿಯ ಹೊಲದಲ್ಲಿ ನಾನು ದುಡಿಯಲು ಹೋಗಿ ಒಂದು ಕೈ ತುಂಬ ಮಳೆಗಾಲಗಳಾದವು. ಎಲ್ಲ ಅಳಿಯಂದಿರೂ ಮಾಡುವ ಚಾಕರಿಯೇ, ನಾನೇನೂ ದೊಡ್ಡ ಸಾಹಸ ಮಾಡಲಿಲ್ಲ. ಆದರೂ ಮಿನ್ನಾದ ಶಾಲೆಯಲ್ಲಿ ಬೆಂಚಿನ ಮೇಲೆ ಕೂತು ಮೆತ್ತಗಾಗಿದ್ದ ಈ ದೇಹ ಮಾಗಾಜಿಯ ಹೊಲದಲ್ಲಿ ಎಷ್ಟು ಗೆಣಸಿನ ಗುಡ್ಡೆ ಏರಿಸಿತೆಂದು ಆ ಗುಡ್ಡೆಗಳೇ ಹೇಳಬೇಕು. ಗೆಳೆಯರನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಬವಾ ಹಾಡುತ್ತಿದ್ದ, ಉಳಿದವರು ಅಗೆಯುತ್ತಿದ್ದರು, ನಾನು ಎಲ್ಲರಿಗೂ ಹುರುಪು ತುಂಬುವ ಭಾಷಣ ಮಾಡುತ್ತಿದ್ದೆ. ಮಾಗಾಜಿ ಒಂದು ದಿನ ಹತ್ತಿರ ಬಂದು ನಿಂತು, ‘ಏನಯ್ಯಾ, ನಿನ್ನ ಬಾಯಿಗೆ ಒಂದು ಗುದ್ದಲಿ ಕಟ್ಟಿದ್ರೆ ನನ್ನ ಹೊಲ ಎಲ್ಲಾ ಒಂದೇ ದಿನಕ್ಕೆ ಮುಗೀತಿತ್ತಲ್ಲ’ ಅಂದರು. ನಗು ಬಂದರೆ ಕೆಮ್ಮಿ ಮುಗಿಸುವ ಮನುಷ್ಯ ಅವರು. ಆವತ್ತು ಸ್ವಲ್ಪ ಕೆಮ್ಮಿದರು. ನಾನು ಗೆದ್ದೆ ಅಂದುಕೊಂಡೆ.

ಆದರೆ ಆ ಮನೆಯ ಕೊನೆಯ ಪರೀಕ್ಷೆ ಗುದ್ದಲಿಯದಲ್ಲ. ಕೊನೆಯ ಕೊಯ್ಲು ಕಣಜಕ್ಕೆ ಹೋಗುವ ದಿನ ಅಳಿಯನಾಗುವವನು ಬಾಗಿಲಲ್ಲಿ ನಿಂತು ಅಷ್ಟೂ ಗೆಣಸನ್ನು ಕೂಗಿ ಎಣಿಸಬೇಕು, ಅದೂ ನಮ್ಮ ಗ್ಬಾಗ್ಯಿ ಮಾತಿನಲ್ಲಿ. ಸಂತೆಯಲ್ಲಿ ಆಡುವ ಹೌಸಾದಲ್ಲಿ ಎಣಿಸುತ್ತೇನೆ, ಬೇಕಿದ್ದರೆ ಇಂಗ್ಲಿಷಿನಲ್ಲಿ ಎಣಿಸಿ ಕೊನೆಗೆ ಪದ್ಯವನ್ನೂ ಹೇಳುತ್ತೇನೆ ಅಂದೆ. ಮಾಗಾಜಿ, ‘ಸಂತೆಯ ಗೆಣಸನ್ನ ಸಂತೆ ಮಾತಲ್ಲಿ ಎಣಿಸ್ಕೋ. ಕಣಜದ ಗೆಣಸಿಗೆ ನಮ್ಮ ಮಾತು ಬಿಟ್ರೆ ಬೇರೆ ಕಿವಿ ಇಲ್ಲ’ ಅಂದರು. ಈ ಸಲ ಕೆಮ್ಮಲಿಲ್ಲ.

ನೀನು ನನಗೆ ಕಲಿಸಿದ್ದೆಯಲ್ಲ ಅಜ್ಜೀ, ಮಡಕೆಗೆ ಮಣ್ಣು ನಾದುತ್ತಾ. ಕೆಸರು ಮೆತ್ತಿದ ಬೆರಳನ್ನು ಒಂದೊಂದೇ ಮಡಿಸಿ ಐದಕ್ಕೆ ಮುಷ್ಟಿ ಮುಚ್ಚಿ, ‘ಇದು ಒಂದು ಮನೆ. ಈಗ ಈ ಮನೆಗೆ ಒಬ್ಬ ನೆಂಟ ಬಂದ’ ಅಂತ ಇನ್ನೊಂದು ಕೈಯ ಹೆಬ್ಬೆರಳು ತಂದು ನಿಲ್ಲಿಸುತ್ತಿದ್ದೆ. ಐದು-ಒಂದು. ಆಮೇಲೆ ಇನ್ನೊಬ್ಬ ನೆಂಟ, ಐದು-ಎರಡು. ಆರಕ್ಕೆ, ಏಳಕ್ಕೆ ಸ್ವಂತದ ಹೆಸರು ಯಾಕಿಲ್ಲ ಅಂತ ನಾನು ಕೇಳಿದ್ದಕ್ಕೆ, ‘ಅಪ್ಪನ ಹೆಸರು ಹೇಳ್ಕೊಂಡು ತಿರುಗೋ ಮಗ ನೀನು ಇಲ್ವೇನೋ? ಹಾಗೇ ಅವೂ ಐದರ ಹೆಸರು ಹೇಳ್ಕೊಂಡು ಬದುಕ್ತಾವೆ’ ಅಂದಿದ್ದೆ. ಎರಡು ಕೈ ಜೋಡಿಸಿದರೆ ಹತ್ತು. ಕೈಬೆರಳು ಕಾಲ್ಬೆರಳು ಎಲ್ಲಾ ಮುಗಿದರೆ ಇಪ್ಪತ್ತು, ಅಂದರೆ ಒಬ್ಬ ಇಡೀ ಮನುಷ್ಯ. ನಲವತ್ತೆಂದರೆ ಇಬ್ಬರು ಪಕ್ಕಪಕ್ಕ ಕೂತ ಹಾಗೆ, ಎರಡು ಇಪ್ಪತ್ತು. ನೂರೆಂದರೆ ಐದು ಇಪ್ಪತ್ತು, ಒಂದು ಸಂಸಾರ. ಅಲ್ಲಿಗೆ ನನಗೆ ನಿದ್ದೆ ಬಂದುಬಿಡುತ್ತಿತ್ತು. ನಿನ್ನ ಎಣಿಕೆಯಲ್ಲಿ ಇನ್ನೂ ಒಂದು ವಿಚಿತ್ರ ಇತ್ತು. ಹುರಿದ ಶೇಂಗಾ ಹಂಚುವಾಗಲೂ, ಸುಟ್ಟ ಮಡಕೆ ಸಂತೆಗೆ ಕಟ್ಟುವಾಗಲೂ ಕೊನೆಯ ಒಂದನ್ನು ಎಣಿಸದೆ ಅಂಗೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದೆ. ‘ಅಜ್ಜೀ, ಒಂದು ಬಿಟ್ಟೆ!’ ಅಂತ ನಾನು ಕುಣಿದರೆ ನನ್ನ ಬಾಯಿಗೆ ಮೆಲ್ಲಗೆ ಒಂದು ಏಟು ಬೀಳುತ್ತಿತ್ತು. ವಯಸ್ಸಾಯಿತು, ಪಾಪ, ಲೆಕ್ಕ ತಪ್ಪುತ್ತದೆ, ಹೇಳಿದರೆ ಸಿಟ್ಟು ಅಂತ ನಾನು ನಿನ್ನನ್ನು ಕ್ಷಮಿಸಿಬಿಟ್ಟಿದ್ದೆ. ಎಂಥ ದೊಡ್ಡ ಮನಸ್ಸು ನೋಡು ನನ್ನದು.

ನೀನು ಅತ್ತೆಯ ಬಾಣಂತನಕ್ಕೆಂದು ಕ್ವಾಲಿಗೆ ಹೊರಟಾಗ ಲಾರಿ ಹತ್ತುತ್ತಾ, ‘ಎಣಿಕೆಗೆ ನಾನು ಬರೋವರೆಗೂ ಕಾಯಿ’ ಅಂದಿದ್ದೆ. ಕಾಯಲಾಗಲಿಲ್ಲ ಅಜ್ಜೀ. ಯಾಕೆ ಕಾಯಲಾಗಲಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಲಾಮಿಯೇ ಅವಸರ ಮಾಡಿದಳು. ಹೊಳೆಯ ದಾರಿಯಲ್ಲಿ ಭುಜದ ಮೇಲೆ ಕೊಡ ಇಟ್ಟುಕೊಂಡು ನನ್ನ ಮುಂದೆ ಮುಂದೆ ನಡೆಯುತ್ತಾ, ಹಿಂತಿರುಗಿ ನೋಡದೆ ನನಗೆ ಪಾಠ ಹೇಳಿದಳು. ‘ಮೂರು ಇಪ್ಪತ್ತರ ಮೇಲೆ ಹತ್ತು, ಅದರ ಮೇಲೆ ಐದು. ಹೇಳು.’ ಹೇಳುತ್ತಿದ್ದೆ. ‘ತಪ್ಪು. ನಿನ್ನ ತಲೆಯಲ್ಲಿರೋದು ಮಿದುಳಾ, ನುಗ್ಗೆಸೊಪ್ಪಾ?’ ಅನ್ನುತ್ತಿದ್ದಳು. ನೂರರ ತನಕ ಹೇಗೋ ತಲುಪಿಸಿದಳು. ನೂರರಾಚೆ ಏನಿದೆ ಅಂದದ್ದಕ್ಕೆ, ‘ಅಲ್ಲೂ ಇದೇ ಬೆರಳು’ ಅಂದಳು.

ಎಣಿಕೆಯ ದಿನ ಬೆಳಗಾಯಿತು. ಕಣಜದ ಬಾಗಿಲಲ್ಲಿ ನಾನು, ಅಂಗಳದಲ್ಲಿ ಗೆಣಸಿನ ರಾಶಿ. ಬವಾ ಒಂದೊಂದು ಸಲಕ್ಕೆ ಐದು ಗೆಣಸು ಎತ್ತಿ ಕೊಡುವುದು, ನಾನು ಕೂಗುವುದು. ನಾಲ್ಕು ಕೈ ಆದರೆ ಇಪ್ಪತ್ತು. ಇಪ್ಪತ್ತಕ್ಕೊಂದರಂತೆ ಸೋರೆಬುರುಡೆಗೆ ಒಂದು ಶಿಯಾ ಬೀಜ ಹಾಕುವುದು ಮಾಗಾಜಿಯ ತಾಯಿ ಅಸಾಬೆಯ ಕೆಲಸ. ಆಕೆಗೆ ಈಗ ಕಣ್ಣು ಪೂರ್ತಿ ಹೋಗಿದೆ, ಕಿವಿ ಮಾತ್ರ ಮೊಲದ್ದು. ನಾನು ಎದುರಿಗೆ ನಿಂತದ್ದೇ, ‘ಇವನು ನನ್ನ ಜೊತೆ ಮಣ್ಣು ತುಳೀತಿದ್ದವಳ ಮೊಮ್ಮಗ ಅಲ್ವಾ? ಅವಳು ಇನ್ನೂ ಹಾಗೇ ಎಣಿಸ್ತಾಳೇನೋ?’ ಅಂದಳು. ‘ವಯಸ್ಸಾಯ್ತಲ್ಲ, ಆಗಾಗ ಒಂದು ತಪ್ಪುತ್ತೆ’ ಅಂದೆ. ಮುದುಕಿ ನನ್ನ ಕಡೆ ಮುಖ ತಿರುಗಿಸಿ, ‘ತಪ್ಪುತ್ತೆ ಅಂತೀಯಾ?’ ಅಂದಳು. ಅಲ್ಲೇ ನನಗೆ ತಿಳಿಯಬೇಕಿತ್ತು.

ಎದೆ ಉಬ್ಬಿಸಿ ಶುರುಮಾಡಿದೆ. ನೂರರವರೆಗೆ ನೀನು ಕೇಳಿದ್ದರೆ ಕುಣಿದುಬಿಡುತ್ತಿದ್ದೆ. ರಾಜರ ಡಂಗುರ ಸಾರುವವನ ಹಾಗೆ ಒಂದೊಂದು ಸಂಖ್ಯೆಯನ್ನೂ ಎಳೆದು, ಇಳಿಸಿ, ಬಾಗಿ ಒಪ್ಪಿಸಿದೆ. ದಂಟಿನ ತಡಿಕೆಯ ಹಿಂದೆ ಲಾಮಿ ಇದ್ದಾಳೆಂದು ನನಗೆ ಗೊತ್ತಿತ್ತು. ಸರಿಯಿದ್ದರೆ ಸುಮ್ಮನಿರುತ್ತಾಳೆ, ತಪ್ಪಿದರೆ ಕೆಮ್ಮುತ್ತಾಳೆ ಅಂತ ಒಪ್ಪಂದ. ನೂರಾ ಇಪ್ಪತ್ತಕ್ಕೆ ಬಂತು ನೋಡು ಗ್ರಹಚಾರ. ಐದು ಇಪ್ಪತ್ತು ನೂರು. ಇನ್ನೊಂದು ಇಪ್ಪತ್ತು ಸೇರಿದರೆ ಐದು-ಒಂದು ಇಪ್ಪತ್ತು ಅನ್ನಬೇಕು. ನಾನು ‘ಐದು ಇಪ್ಪತ್ತು, ಒಂದು’ ಅಂದುಬಿಟ್ಟೆ. ಅಂದರೆ ನೂರಾ ಒಂದಾಯಿತು. ಒಂದೇ ಉಸಿರಿಗೆ ಹತ್ತೊಂಬತ್ತು ಗೆಣಸು ನುಂಗಿದ ಅಳಿಯನನ್ನು ಯಾರಾದರೂ ಕಂಡಿದ್ದಾರೆಯೇ? ತಡಿಕೆಯ ಹಿಂದೆ ಕ್ಷಯ ಹಿಡಿದವರ ಹಾಗೆ ಕೆಮ್ಮು ಶುರುವಾಯಿತು. ನಿಲ್ಲಿಸಿದರೆ ಸೋತಂತೆ. ಆಗ ಮಿನ್ನಾ ಶಾಲೆಯ ಮುದಿ ಪಾದ್ರಿ ಕಣ್ಣು ಮುಚ್ಚಿ ಗೊಣಗುತ್ತಿದ್ದ ಲ್ಯಾಟಿನ್ ಪ್ರಾರ್ಥನೆ ನೆನಪಾಗಿ, ಅದರದ್ದೇ ಒಂದು ತುಂಡನ್ನು ಮಹಾ ಗಂಭೀರವಾಗಿ ಸಂಖ್ಯೆಯಂತೆ ಕೂಗಿದೆ. ಹಿರಿಯರು ತಲೆದೂಗಿದರು! ಇದು ಯಾವುದೋ ಹಳೆಯ ಕಾಲದ ದೊಡ್ಡ ಲೆಕ್ಕವಿರಬೇಕೆಂದು ಒಬ್ಬರು ಟೊಪ್ಪಿಗೆಯನ್ನೂ ತೆಗೆದರು. ಎಲ್ಲ ಸರಿಹೋಗುತ್ತಿತ್ತು. ಆದರೆ ಗೆಣಸು ಕೊಡುತ್ತಿದ್ದ ಬವಾ, ಅವನೂ ಅದೇ ಶಾಲೆಯವನಲ್ಲವೇ, ಬಾಯಿತಪ್ಪಿ ‘ಆಮೆನ್’ ಅಂದುಬಿಟ್ಟ.

ಅಸಾಬೆ ಮುದುಕಿ ಕೈ ಎತ್ತಿದಳು. ‘ಆ ಸಂಖ್ಯೆ ಯಾರ ಮನೆಯದಪ್ಪಾ? ನಮ್ಮೂರಲ್ಲಿ ಹುಟ್ಟಿದ್ದಲ್ಲ.’ ಅಂಗಳವೆಲ್ಲ ನಗು. ಮಾಗಾಜಿ ನಗಲಿಲ್ಲ, ಕೆಮ್ಮಲೂ ಇಲ್ಲ. ಅಲ್ಲಿಗೇ ನನ್ನ ಕಥೆ ಮುಗಿಯಬೇಕಿತ್ತು. ಆದರೆ ಮುದುಕಿಯೇ ಸೋರೆಬುರುಡೆಯನ್ನು ನನ್ನ ಕಡೆ ಚಾಚಿ, ‘ಗೆಣಸು ನೋಡಿ ಹೆದರಬೇಡ, ಬೀಜ ಮುಟ್ಟಿ ನೋಡು. ಒಂದು ಮುಷ್ಟಿ, ಅದರ ಮೇಲೆ ಒಬ್ಬ ನೆಂಟ. ಅಷ್ಟನ್ನೇ ಹೇಳು’ ಅಂದಳು. ಮುಟ್ಟಿದೆ. ಐದು ಬೀಜ, ಪಕ್ಕದಲ್ಲೊಂದು. ನಿನ್ನ ಕೆಸರು ಮೆತ್ತಿದ ಹೆಬ್ಬೆರಳೇ ಕಣ್ಣ ಮುಂದೆ ಬಂತು ಅಜ್ಜೀ. ಐದು-ಒಂದು ಇಪ್ಪತ್ತು. ಐದು-ಎರಡು ಇಪ್ಪತ್ತು. ಆಮೇಲೆ ತಡೆಯೇ ಇಲ್ಲ, ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ಹೋದೆ. ತಡಿಕೆಯ ಹಿಂದೆ ಕೆಮ್ಮು ನಿಂತಿತು. ಮಾಗಾಜಿಯ ತುಟಿ ಸಡಿಲವಾಯಿತು. ಹೆಂಗಸರು ಜೋಳದ ಹೆಂಡದ ಮಡಕೆ ಹೊರಗೆ ತಂದಿಟ್ಟರು. ನನ್ನ ಮದುವೆ ನನಗೆ ಇಷ್ಟು ಹತ್ತಿರದಲ್ಲಿ, ಆ ರಾಶಿಯ ತಳದಲ್ಲಿ ಕಾಣುತ್ತಿತ್ತು.

ಕೊನೆಗೆ ಅಂಗಳದಲ್ಲಿ ಒಂದು ಗೆಣಸು ಉಳಿಯಿತು. ಬವಾ ಅದನ್ನು ಎತ್ತಲಿಲ್ಲ, ಕೈ ಕಟ್ಟಿ ನಿಂತ. ಸುಸ್ತಾಗಿರಬೇಕು ಅಂದುಕೊಂಡೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಂಥ ಗಳಿಗೆಯನ್ನು ಸುಮ್ಮನೆ ಬಿಡುವವನೇ ನಾನು? ನಾನೇ ಹೋದೆ. ಆ ಗೆಣಸನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿದೆ. ನಾಲ್ಕೂ ದಿಕ್ಕಿಗೆ ತೋರಿಸಿದೆ. ಗಂಟಲು ಹರಿಯುವಂತೆ ಅದರ ಸಂಖ್ಯೆ ಕೂಗಿ, ಕಣಜದೊಳಗೆ ಇಟ್ಟು, ಬಾಗಿಲಿನ ಚಾಪೆಯನ್ನು ನನ್ನ ಕೈಯಾರೆ ಇಳಿಬಿಟ್ಟು, ‘ಮುಗಿಯಿತು! ಒಂದೂ ಬಿಡಲಿಲ್ಲ!’ ಅಂದೆ.

ಅಜ್ಜೀ, ಒಬ್ಬಳು ಹೆಂಡದ ಮಡಕೆಯನ್ನು ಮತ್ತೆ ಎತ್ತಿ ಭುಜದ ಮೇಲಿಟ್ಟುಕೊಂಡಳು. ಮಾಗಾಜಿ ಎದ್ದು, ತಾನು ಕೂತಿದ್ದ ಮಣೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದರು. ಇದು ನನಗೇ ಮಾಡುತ್ತಿರುವ ಕುಚೇಷ್ಟೆ, ಈಗ ಎಲ್ಲರೂ ನಗುತ್ತಾರೆ ಅಂತ ನಾನು ಹಲ್ಲು ಬಿಟ್ಟುಕೊಂಡು ಕಾದೆ. ಅಸಾಬೆ ಮುದುಕಿ ಕೈ ತಡವುತ್ತಾ ಬಂದು ಬಾಗಿಲ ಮುಂದಿನ ನೆಲವನ್ನು ಅಂಗೈಯಲ್ಲಿ ಸವರಿದಳು. ಅಲ್ಲಿ ಏನೂ ಇರಲಿಲ್ಲ. ‘ಮುಚ್ಚಿಬಿಟ್ಯಲ್ಲೋ ಮಗನೇ’ ಅಂದಳು. ‘ದಾರಿಯಲ್ಲಿರೋರಿಗೆ ಅಂತ ಒಂದನ್ನ ಎಣಿಸದೇ ಬಿಡ್ತೀವಲ್ಲೋ. ಬರೋ ನೆಂಟಂಗೆ, ಬರೋ ಬೆಳೆಗೆ, ಬರೋ ಕೂಸಿಗೆ. ಲೆಕ್ಕ ಪೂರ್ತಿ ಮುಗಿದ್ರೆ ಇನ್ನು ಯಾರೂ ಬರೋದು ಬೇಡ ಅಂದಂಗೆ ಅಲ್ವೇನೋ? ನಿಮ್ಮಜ್ಜಿ ಹೇಳ್ಲಿಲ್ವಾ?’

ನೀನು ಹೇಳಿದ್ದೆ ಅಜ್ಜೀ. ಬಾಯಲ್ಲಿ ಹೇಳಿರಲಿಲ್ಲ, ಅಷ್ಟೇ. ಗಿಂಬಿಯಾ ಅತ್ತೆಗೆ ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ ನೀನು ಯಾವತ್ತೂ ಲೆಕ್ಕ ಕೊಟ್ಟವಳಲ್ಲ, ‘ಇದ್ದಾರೆ, ಇನ್ನೂ ಬರ್ತಾರೆ’ ಅನ್ನುತ್ತಿದ್ದೆ. ಅದು ನಿನ್ನ ಮರೆವು ಅಂತ ನಾನು ಅದನ್ನೂ ಕ್ಷಮಿಸಿದ್ದೆ.

ಮಾಗಾಜಿಯ ತೀರ್ಪು ಮಾರನೆಯ ದಿನ ಬಂತು. ‘ಎಣಿಕೆ ಮುಚ್ಚಿದವನ ಕೈಗೆ ಮಗಳನ್ನ ಹೇಗೆ ಕೊಡಲಿ? ಇನ್ನೊಂದು ಮಳೆಗಾಲ ದುಡೀಲಿ. ಮುಂದಿನ ಕೊಯ್ಲಿಗೆ ನೋಡೋಣ.’ ಊರಿನವರಿಗೆಲ್ಲ ಇದು ದೊಡ್ಡ ಶಿಕ್ಷೆಯಾಗಿ ಕಾಣಲಿಲ್ಲ. ಬವಾ ಕೂಡ, ‘ಒಂದು ವರ್ಷ ತಾನೇ, ನಿನ್ನ ಭಾಷಣ ಕೇಳೋಕೆ ನಾವೂ ಬರ್ತೀವಿ ಬಿಡೋ’ ಅಂತ ಬೆನ್ನು ತಟ್ಟಿದ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಹುಂಜದ ವಿಷಯ ಮುಖಂಡರಿಗೆ ಹೇಳಿಬಿಡೋಣ ಅನ್ನಿಸಿತು. ಒಂದು ವರ್ಷ ಆಗುವುದಿಲ್ಲ ಅಜ್ಜೀ. ಮಾಗಾಜಿಯ ಕಾಲು ಹಿಡಿದೆ. ನಿಜವಾಗಿ ಹಿಡಿದೆ, ನಾಟಕಕ್ಕಲ್ಲ. ಅವರು ಕಾಲು ಬಿಡಿಸಿಕೊಂಡು, ‘ಏಳಯ್ಯಾ, ಈ ವೇಷ ಎಲ್ಲಾ ಬೇರೆ ಕಡೆ ಹಾಕು’ ಅಂದರು. ಇಷ್ಟು ದಿನ ಸುಳ್ಳು ಅಳು ಅತ್ತವನಿಗೆ ನಿಜದ ಅಳು ಬಂದರೆ ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಕೋಳಿಗೂಡಿನ ಹಿಂದೆ ಹೋಗಿ ಕೂತೆ. ಕೋಳಿಗಳೂ ನಂಬಲಿಲ್ಲ.

ಲಾಮಿ ಆವತ್ತಿನಿಂದ ಹೊಳೆಗೆ ಬರುತ್ತಿಲ್ಲ. ಕುಟ್ಟಿದ ಗೆಣಸನ್ನು ಮುಂದಿಟ್ಟರೆ ಮುಖ ತಿರುಗಿಸುತ್ತಾಳಂತೆ, ನೀರಷ್ಟೇ ಕುಡಿಯುತ್ತಾಳಂತೆ. ಬೈದರೆ ಸಾಕು ಅಂತ ತಡಿಕೆಯ ಆಚೆ ಹೋಗಿ ನಿಂತೆ. ನನ್ನ ತಲೆಯಲ್ಲಿರುವುದು ನುಗ್ಗೆಸೊಪ್ಪೇ ಹೌದು ಅಂತ ಪ್ರಮಾಣ ಮಾಡಿದೆ. ಹಂದಿಯ ಹಾಗೆ ಕೂಗಿದೆ, ಪಾದ್ರಿಯ ಹಾಗೆ ಗೊಣಗಿದೆ. ಅವಳು ನಗಲಿಲ್ಲ. ಒಂದು ಮಾತು ಅಂದಳು: ‘ಯಾಕೆ ಎಣಿಸಿದೆ ತಾಂಕೊ?’ ಗೆಣಸಿನ ಒಂದು ಲೆಕ್ಕಕ್ಕೆ ಹುಡುಗಿ ಇಷ್ಟೊಂದು ಹೆದರುತ್ತಾಳೆಯೇ ಅಂತ ನೀನು ಕೇಳಬಹುದು. ಕೇಳು, ಕೇಳುತ್ತಾ ಹೊರಡು, ಲಾರಿಯಲ್ಲಿ ಕೂತು ಕೇಳಿಕೋ.

ಅಸಾಬೆ ಮುದುಕಿಯೇ ನನಗೊಂದು ದಾರಿ ತೋರಿಸಿದ್ದು. ಮಗನಿಗೆ ಗೊತ್ತಾಗದ ಹಾಗೆ ಕಣಜಕ್ಕೆ ಹೋಗಿ, ನಾನು ಕೊನೆಗಿಟ್ಟ ಗೆಣಸನ್ನು ಮೇಲಿನಿಂದ ತಡವಿ ತೆಗೆದು, ಬೂದಿಯಲ್ಲಿ ಹೆಬ್ಬೆರಳು ಅದ್ದಿ ಗುರುತು ಒತ್ತಿ ನನ್ನ ಕೈಗಿಟ್ಟಳು. ‘ಮುಚ್ಚಿದ ಎಣಿಕೆನ ಮುಚ್ಚಿದವನ ಮನೆಯ ಹಿರಿಯರೇ ಬಂದು ತೆರೀಬೇಕು. ಮೊದಲಿಂದ ಎಣಿಸಿ, ಇದನ್ನ ಹೊರಗೆ ಬಿಡಬೇಕು. ನಿಮ್ಮಜ್ಜಿ ಬಂದು ಎಣಿಸಿದ್ರೆ ನನ್ನ ಮಗ ಎದುರು ಮಾತಾಡಲ್ಲ. ಚಿಕ್ಕವನಿದ್ದಾಗ ಅವಳ ಕೈಲಿ ಅವನು ಏಟು ತಿಂದಿದಾನೆ’ ಅಂದಳು. ಅಪ್ಪ ಅಮ್ಮ ಇದ್ದಿದ್ದರೆ ಅವರನ್ನು ಕರೆಯುತ್ತಿದ್ದೆ. ನಮ್ಮ ಮನೆಗೆ ಹಿರಿಯಳೆಂದರೆ ನೀನು, ಕಿರಿಯನೆಂದರೆ ನಾನು, ನಡುವೆ ಕುಂಟು ಮೇಕೆ. ಆದರೆ ಸಮಯವಿಲ್ಲ. ಮುಂದಿನ ಸಂತೆಗೆ ವ್ಯಾಪಾರ​ದ ಲಾರಿ ಬಂದು ಮಾಗಾಜಿಯ ಗೆಣಸು ಹೇರಿಕೊಂಡು ಹೋಗುತ್ತದೆ. ರಾಶಿ ಒಡೆದ ಮೇಲೆ ತೆರೆಯಲು ಎಣಿಕೆಯೇ ಇರುವುದಿಲ್ಲ.

ಬಾಣಂತಿಯನ್ನು ಬಿಟ್ಟು ಹೇಗೆ ಬರಲಿ ಅನ್ನುತ್ತೀಯ, ಗೊತ್ತು. ಗಿಂಬಿಯಾ ಅತ್ತೇ, ನಿಮ್ಮ ಕಾಲಿಗೂ ಬೀಳುತ್ತೇನೆ. ಎರಡೇ ದಿನಕ್ಕೆ ಅಜ್ಜಿಯನ್ನು ಕೊಡಿ. ನೀರು ಕಾಯಿಸುವುದು, ಕೂಸಿನ ಕೈಕಾಲು ನೀವುವುದು ಮಾಮ ಮಾಡುತ್ತಾರೆ. ಇಡೀ ತರಗತಿಯ ಹುಡುಗರ ಕಿವಿ ನೀವುವ ಕೈ ಅದು, ಒಂದು ಕೂಸು ಯಾವ ಲೆಕ್ಕ? ಅಜ್ಜೀ, ಸುಲೆ ನಾಡಿದ್ದು ಕ್ವಾಲಿಯಿಂದ ಖಾಲಿ ಲಾರಿ ತರುತ್ತಾನೆ. ನಿನಗೆ ಮುಂದಿನ ಸೀಟು ಹೇಳಿದ್ದೇನೆ. ಮೊಣಕಾಲಿಗೆ ಅಡ್ಡ ಇಟ್ಟುಕೊಳ್ಳಲು ಗೋಣಿ ಮಡಿಸಿ ಇಡುತ್ತಾನೆ. ಗೆಣಸನ್ನು ಬೇರೆಯವರ ಕೈಗೆ ಕೊಡಬೇಡ, ಮಡಿಲಲ್ಲಿಟ್ಟುಕೊಂಡು ಬಾ. ನೀನು ಬಂದು ನನ್ನ ಬಾಯಿಗೆ ಎಷ್ಟು ಏಟು ಬೇಕಾದರೂ ಹಾಕು. ಐದು-ಒಂದು ಹಾಕು, ಐದು-ನಾಲ್ಕು ಹಾಕು, ಒಂದಿಡೀ ಮನುಷ್ಯನಷ್ಟು ಹಾಕು. ಅವನ್ನು ಮಾತ್ರ ನಾನು ಎಣಿಸುವುದಿಲ್ಲ.

ಅತ್ತೆಗೆ ನಮಸ್ಕಾರ, ಕೂಸಿನ ಎರಡೂ ಪಾದಕ್ಕೆ ಮುತ್ತು, ಉಳಿದ ಮಕ್ಕಳಿಗೆ (ಇದ್ದಾರೆ, ಇನ್ನೂ ಬರ್ತಾರೆ) ಪ್ರೀತಿ. ಮಾಮನಿಗೆ, ಮೂಗಿನ ಬಗ್ಗೆ ಅಂದದ್ದನ್ನು ಹಿಂದಕ್ಕೆ ಪಡೆದಿದ್ದೇನೆ. ಎಲ್ಲರನ್ನೂ ಮಾಡಿದ ಆ ಶೆಕ್ವೊಯಿ ದೇವರು ನಿನ್ನ ಮೊಣಕಾಲಿಗೆ ಲಾರಿ ಹತ್ತುವಷ್ಟು ಬಲ ಕೊಡಲಿ. ಇಳಿಯುವಾಗ ನಾನೇ ಎತ್ತಿ ಇಳಿಸುತ್ತೇನೆ.

ನೀನು ಸಾಕಿದ, ನಿನ್ನ ಮಾತು ಕೇಳದ,
ತಾಂಕೊ

ಬರೆಯದೆ ಬಿಟ್ಟದ್ದು: ಮಾಮ, ಇಲ್ಲಿಂದ ಮುಂದೆ ಜೋರಾಗಿ ಓದಬೇಡಿ. ಅಜ್ಜಿಯ ಬಲಗಿವಿಗೆ ಬಾಯಿಟ್ಟು ಓದಿ, ಎಡಗಿವಿ ಮಂದ. ಆಮೇಲೆ ಇದನ್ನು ಒಲೆಗೆ ಹಾಕಿ. ಸುಲೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಅಜ್ಜೀ, ‘ಬರೋ ಕೂಸಿಗೆ’ ಅಂತ ಅಸಾಬೆ ಅಂದಾಗ ತಡಿಕೆಯ ಹಿಂದೆ ಏನೋ ಬಿದ್ದ ಸದ್ದಾಯಿತು. ಲಾಮಿ ನೆಲಕ್ಕೆ ಕುಸಿದಿದ್ದಳು. ಅಂಗಳ ಖಾಲಿಯಾದ ಮೇಲೆ ತಡಿಕೆಯ ಸಂದಿಯಿಂದ ಕೈ ಹೊರಗೆ ಹಾಕಿ, ಮಾತಾಡದೆ, ಒಂದೊಂದಾಗಿ ಮೂರು ಬೆರಳು ಮಡಿಸಿ ತೋರಿಸಿದಳು. ಮೂರು ತಿಂಗಳು. ಎಣಿಕೆಗೆ ಅವಳು ಅವಸರ ಮಾಡಿದ್ದು ಇದಕ್ಕೇ ಅಂತ ನನಗೆ ಆಗಲೇ ಗೊತ್ತಾದದ್ದು. ಆ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಅಸಾಬೆಗೆ ಗೊತ್ತಿರಬಹುದು, ಆಕೆಯ ಕಿವಿ ಅಂಥದ್ದು. ನಾನು ಊರೆಲ್ಲ ಕೇಳುವಂತೆ ಕೂಗಿ, ಒಳಗೆ ಹಾಕಿ, ಬಾಗಿಲು ಮುಚ್ಚಿದ್ದು ಆ ಕೂಸಿನ ಗೆಣಸನ್ನು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿರುತ್ತಾಳಂತೆ. ‘ಇನ್ನು ಬರಲ್ಲ, ನೀನೇ ಬೇಡ ಅಂದೆಯಲ್ಲ’ ಅನ್ನುತ್ತಾಳೆ. ನಾನು ಬೇಡ ಅನ್ನಲಿಲ್ಲ ಅಜ್ಜೀ. ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನೀನು ಬಂದು ಅವಳಿಗೆ ಕೇಳಿಸುವ ಹಾಗೆ ಎಲ್ಲವನ್ನೂ ಎಣಿಸು, ಇದೊಂದನ್ನು ಬಿಡು. ಬೇಯಿಸಬೇಡಿ.